ದೇಶದ ಪ್ರತಿಜ್ಞೆಯಲ್ಲಿ ದೇವರ ಹೆಸರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಶಾಲೆಯ ಪ್ರತಿಜ್ಞೆ, ಶಾಸಕರ ಪ್ರಮಾಣವಚನ, ಕೋರ್ಟಿನ ಸಾಕ್ಷಿ: ಈ ಮೂರರಲ್ಲೂ ದೇವರ ಹೆಸರು ಬೇಕೇ ಎಂದು ಕೇಳಿ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಆಣೆ ಎಂಬ ಮಾತಿಗೆ ಇಷ್ಟು ತೂಕ ಇರುವ ಊರು ನಮ್ಮದು. ಹಾಗಾಗಿ ಈ ತಿಂಗಳ ಪುಟಗಳನ್ನು ಇದೊಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ.

ನಮ್ಮದು ಅನುದಾನಿತ ಪ್ರೌಢಶಾಲೆ. ಬೆಳಗಿನ ಸಭೆಯಲ್ಲಿ ‘ಭಾರತ ನನ್ನ ದೇಶ’ ಹೇಳಿಸುತ್ತೇವೆ. ಅದರ ಮೊದಲಿಗೆ ‘ದೇವರ ಸಾಕ್ಷಿಯಾಗಿ’ ಎಂದು ಸೇರಿಸಿದರೆ ಮಕ್ಕಳಲ್ಲಿ ಭಯಭಕ್ತಿ ಬರುತ್ತದೆ ಎಂದು ಹಳೆ ವಿದ್ಯಾರ್ಥಿಗಳು ಹೇಳುತ್ತಿದ್ದಾರೆ. ಹೆಡ್‌ಮಾಸ್ಟರು ನನ್ನ ಅಭಿಪ್ರಾಯ ಕೇಳಿದ್ದಾರೆ. ಏನು ಹೇಳಲಿ?
ಶಿಕ್ಷಕಿ, ಕಾರ್ಕಳ

ಬೇಡ ಎಂದು ಹೇಳಿ, ಟೀಚರ್. ಕಾರಣವನ್ನೂ ಹೇಳಿ, ಏಕೆಂದರೆ ಕೇಳಿದವರ ಉದ್ದೇಶ ಕೆಟ್ಟದ್ದಲ್ಲ.

ಆ ಪ್ರತಿಜ್ಞೆಯನ್ನು ಬರೆದವರು ಪೈಡಿಮರ್ರಿ ವೆಂಕಟ ಸುಬ್ಬರಾವ್. 1962ರಲ್ಲಿ ವಿಶಾಖಪಟ್ಟಣದಲ್ಲಿ ಜಿಲ್ಲಾ ಖಜಾನೆ ಅಧಿಕಾರಿಯಾಗಿದ್ದಾಗ ತೆಲುಗಿನಲ್ಲಿ ಬರೆದರು. ಮರುವರ್ಷ ಅಲ್ಲಿನ ಶಾಲೆಯಲ್ಲಿ ಅದನ್ನು ಮೊದಲ ಸಲ ಓದಿಸಲಾಯಿತು. 1964ರಲ್ಲಿ ಕೇಂದ್ರ ಶಿಕ್ಷಣ ಸಲಹಾ ಮಂಡಳಿ ನಮ್ಮ ಬೆಂಗಳೂರಿನಲ್ಲೇ ಸೇರಿದಾಗ ಎಲ್ಲ ಶಾಲೆಗಳಿಗೂ ಇದು ಬೇಕೆಂದು ತೀರ್ಮಾನವಾಯಿತು. 1965ರ ಜನವರಿ 26ರಿಂದ ದೇಶದಾದ್ಯಂತ ಜಾರಿಗೆ ಬಂತು. ಒಮ್ಮೆ ನಿಧಾನವಾಗಿ ಓದಿ ನೋಡಿ: ದೇಶ ಇದೆ, ದೇಶಬಾಂಧವರಿದ್ದಾರೆ, ಪರಂಪರೆ ಇದೆ, ತಂದೆತಾಯಿ, ಗುರುಹಿರಿಯರು ಇದ್ದಾರೆ. ದೇವರಿಲ್ಲ, ಧರ್ಮವಿಲ್ಲ, ಯಾವ ನಾಯಕನ ಹೆಸರೂ ಇಲ್ಲ. ಅರುವತ್ತು ವರ್ಷ ಎಲ್ಲ ಮನೆಯ ಮಕ್ಕಳೂ ಒಂದೇ ಉಸಿರಿನಲ್ಲಿ ಹೇಳಿಕೊಂಡು ಬಂದದ್ದು ಅದಕ್ಕೇ.

ಇನ್ನು ನಿಮ್ಮ ಊರನ್ನೇ ನೋಡಿ. 1432ರಲ್ಲಿ ನಿಲ್ಲಿಸಿದ ಬಾಹುಬಲಿ ಗುಡ್ಡದ ಮೇಲೆ ನಿಂತಿದ್ದಾನೆ. ಜೈನ ಮತದಲ್ಲಿ ಜಗತ್ತನ್ನು ಸೃಷ್ಟಿಸಿ, ಆಳಿ, ಎಲ್ಲರ ಮಾತಿಗೆ ಸಾಕ್ಷಿಯಾಗಿ ಕೂರುವ ದೇವರು ಇಲ್ಲ. ತೀರ್ಥಂಕರರಿಗೆ ಕೈಮುಗಿಯುವ ಮನೆಯ ಮಗು ‘ದೇವರ ಸಾಕ್ಷಿಯಾಗಿ’ ಎಂದರೆ ಯಾರ ಸಾಕ್ಷಿ? ಸೇರಿಸಬೇಕೆನ್ನುವವರು ಈ ಮಗುವನ್ನು ಬೇಕೆಂದು ಮರೆತಿಲ್ಲ, ಅವರ ಲೆಕ್ಕಕ್ಕೇ ಬಂದಿಲ್ಲ. ಬಹುಮಂದಿಗೆ ಸಹಜ ಅನ್ನಿಸುವ ಮಾತಿನಲ್ಲಿ ಇರುವ ಅಪಾಯವೇ ಇದು.

ಸೇರಿಸಿದರೆ ಅಂಗಳದಲ್ಲಿ ಆಗುವುದು ಇಷ್ಟು. ಮೊದಲ ಎರಡು ಪದ ಬರುವಾಗ ಕೆಲವು ಮಕ್ಕಳ ಬಾಯಿ ಮುಚ್ಚಿರುತ್ತದೆ, ಮೂರನೆಯ ಪದಕ್ಕೆ ತೆರೆಯುತ್ತದೆ. ಪಕ್ಕದ ಸಾಲಿನ ಮಕ್ಕಳಿಗೆ ಅದು ಕಾಣುತ್ತದೆ. ಒಂದೆರಡು ವಾರದೊಳಗೆ ಯಾರು ಹೇಳುವುದಿಲ್ಲ ಎಂಬುದು ತರಗತಿಗೆಲ್ಲ ಗೊತ್ತಾಗುತ್ತದೆ. ಎಲ್ಲ ಭಾರತೀಯರೂ ನನ್ನ ಸಹೋದರ ಸಹೋದರಿಯರು ಎಂಬ ಮಾತು ಬಾಯಿಗೆ ಬರುವ ಮೊದಲೇ ಆ ಸಹೋದರರನ್ನು ಬೇರೆ ಮಾಡಿ ನಿಲ್ಲಿಸಿದಂತಾಯಿತು.

ಕಾನೂನಿನ ಮಾತೂ ಇದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಮಗುವನ್ನು ಪೋಷಕರ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೋ ಪೂಜೆ ಪ್ರಾರ್ಥನೆಗೋ ಸೇರಿಸುವಂತಿಲ್ಲ ಎನ್ನುತ್ತದೆ ಸಂವಿಧಾನದ 28(3)ನೇ ವಿಧಿ. ನಿಮ್ಮ ಶಾಲೆಯಲ್ಲಿ ಪ್ರಾರ್ಥನೆ ಇದ್ದರೆ ಅದು ಈ ವಿಧಿಯ ಒಳಗೆ, ಒಪ್ಪಿಗೆಯ ಮೇಲೆ ನಡೆಯಲಿ. ಆದರೆ ಪ್ರಾರ್ಥನೆಗೂ ಪ್ರತಿಜ್ಞೆಗೂ ನಡುವೆ ಸ್ಪಷ್ಟ ಗೆರೆ ಇರಬೇಕು. ಪ್ರಾರ್ಥನೆ ಮುಗಿದ ಮೇಲೆ ಮಕ್ಕಳನ್ನು ಒಮ್ಮೆ ‘ವಿಶ್ರಾಮ್’ನಲ್ಲಿ ನಿಲ್ಲಿಸಿ. ನಂತರ ‘ಸಾವಧಾನ್’ ಹೇಳಿ, ಬಲಗೈ ಮುಂದಕ್ಕೆ ಚಾಚಿಸಿ, ಪ್ರತಿಜ್ಞೆ ಶುರು ಮಾಡಿ. ಈ ಒಂದು ಸಣ್ಣ ಬಿಡುವಿನಿಂದಲೇ ಎರಡೂ ಬೇರೆ ಎಂಬುದು ಮಕ್ಕಳಿಗೆ ತಿಳಿಯುತ್ತದೆ.

ಸಂವಿಧಾನದ ಪೀಠಿಕೆಯಲ್ಲಿ ದೇವರ ಹೆಸರು ಇರಬೇಕೆಂದು ಹಟ ಹಿಡಿದವರು ಮಂಗಳೂರಿನವರೇ ಎಂದು ಕೇಳಿದ್ದೇನೆ. ನಿಜವೇ?
ನಿವೃತ್ತ ಬ್ಯಾಂಕ್ ಉದ್ಯೋಗಿ, ಕದ್ರಿ

ನಿಜ. ಹರಿ ವಿಷ್ಣು ಕಾಮತ್ ಹುಟ್ಟಿದ್ದು ಮಂಗಳೂರಿನಲ್ಲಿ, 1907ರಲ್ಲಿ. ಐಸಿಎಸ್ ಪಾಸಾಗಿ ಅಧಿಕಾರಿಯಾಗಿದ್ದವರು 1938ರಲ್ಲಿ ಕೆಲಸ ಬಿಟ್ಟು ಸುಭಾಷ್ ಚಂದ್ರ ಬೋಸ್ ಅವರ ಜತೆ ಹೋದರು. ಸಂವಿಧಾನ ಸಭೆಗೆ ಮಧ್ಯಪ್ರಾಂತದಿಂದ ಆಯ್ಕೆಯಾಗಿದ್ದರು.

1949ರ ಅಕ್ಟೋಬರ್ 17ರಂದು ಪೀಠಿಕೆಯ ಚರ್ಚೆ. ‘ಭಾರತದ ಜನರಾದ ನಾವು’ ಎನ್ನುವುದಕ್ಕಿಂತ ಮೊದಲು ‘ದೇವರ ಹೆಸರಿನಲ್ಲಿ’ ಎಂದು ಬರಬೇಕು ಎಂಬುದು ಕಾಮತರ ತಿದ್ದುಪಡಿ. ವಿರೋಧಿಸಿದವರು ನಾಸ್ತಿಕರು ಎಂದುಕೊಳ್ಳಬೇಡಿ. ಹೃದಯನಾಥ ಕುಂಜ್ರು ಅವರ ಆಕ್ಷೇಪ ಬೇರೆಯೇ ಆಗಿತ್ತು. ನಮ್ಮಲ್ಲಿ ಅನೇಕರಿಗೆ ಅತ್ಯಂತ ಪವಿತ್ರವಾದ ಭಾವನೆಯನ್ನು ಎಲ್ಲರ ಮೇಲೂ ಹೇರಿದಂತಾಗುತ್ತದೆ, ಅದು ಈ ಪೀಠಿಕೆ ಸಾರುವ ಸ್ವಾತಂತ್ರ್ಯಕ್ಕೇ ವಿರುದ್ಧ ಎಂದರು ಅವರು. ಪೂರ್ಣಿಮಾ ಬ್ಯಾನರ್ಜಿ ಅವರು ದೇವರನ್ನು ಮತಕ್ಕೆ ಹಾಕುವ ಮುಜುಗರ ನಮಗೆ ತರಬೇಡಿ ಎಂದು ಕಾಮತರನ್ನು ಕೇಳಿಕೊಂಡರು. ಕಾಮತ್ ಹಿಂದೆ ಸರಿಯಲಿಲ್ಲ. ಮತ ಎಣಿಸಿದರು. ಪರ 41, ವಿರೋಧ 68. ನಮ್ಮ ಚರಿತ್ರೆಯಲ್ಲಿ ಇದು ಕರಾಳ ದಿನ, ದೇವರು ಭಾರತವನ್ನು ಕಾಪಾಡಲಿ ಎಂದು ಕಾಮತ್ ನೊಂದು ನುಡಿದರು.

ಇಷ್ಟೇ ಕೇಳಿ ಕಾಮತ್ ಸೋತರು ಎಂದುಕೊಳ್ಳುವವರು ಅರ್ಧ ಕತೆ ಕೇಳಿದವರು. ಅದಕ್ಕೂ ಹತ್ತು ತಿಂಗಳು ಹಿಂದೆ, 1948ರ ಡಿಸೆಂಬರಿನಲ್ಲಿ, ರಾಷ್ಟ್ರಪತಿಯ ಪ್ರಮಾಣವಚನದ ಚರ್ಚೆ ನಡೆದಿತ್ತು. ಕರಡಿನಲ್ಲಿ ದೇವರ ಹೆಸರು ಇರಲಿಲ್ಲ. ಅಲ್ಲಿ ಕಾಮತರೂ ಮಹಾವೀರ್ ತ್ಯಾಗಿಯವರೂ ಹಿಡಿದ ಪಟ್ಟು ಫಲಿಸಿತು. ದೇವರ ಹೆಸರಿನಲ್ಲಿ ಪ್ರಮಾಣ ಮಾಡುವುದು ಒಂದು, ಸತ್ಯನಿಷ್ಠೆಯಿಂದ ದೃಢೀಕರಿಸುವುದು ಇನ್ನೊಂದು, ಹೇಳುವವರು ಬೇಕಾದ್ದನ್ನು ಆರಿಸಿಕೊಳ್ಳಲಿ ಎಂದಾಯಿತು.

ಒಂದೇ ಸಭೆ, ಒಬ್ಬರೇ ಸದಸ್ಯರು, ಅದೇ ದೇವರು. ಪೀಠಿಕೆಯಲ್ಲಿ ಬೇಡವೆಂದವರು ಪ್ರಮಾಣದಲ್ಲಿ ಬೇಕೆಂದರು. ಇದರಲ್ಲಿ ವಿರೋಧಾಭಾಸ ಕಾಣುವುದಿಲ್ಲ, ದೊಡ್ಡ ವಿವೇಕ ಕಾಣುತ್ತದೆ. ಪೀಠಿಕೆಯಲ್ಲಿ ಮಾತಾಡುವುದು ‘ನಾವು’, ಅಲ್ಲಿ ಆಯ್ಕೆಗೆ ಎಡೆಯಿಲ್ಲ. ಪ್ರಮಾಣದಲ್ಲಿ ಮಾತಾಡುವುದು ‘ನಾನು’, ಅಲ್ಲಿ ಆಯ್ಕೆ ಇದೆ. ಈ ಸಂಚಿಕೆಯ ಎಲ್ಲ ಉತ್ತರಗಳಿಗೂ ನಾವು ಹಿಡಿದಿರುವ ಅಳತೆಗೋಲು ಇದೇ: ಒಬ್ಬರೇ ಹೇಳುವಲ್ಲಿ ದೇವರು ಅವರವರ ಇಷ್ಟ, ಎಲ್ಲರೂ ಸೇರಿ ಹೇಳುವಲ್ಲಿ ಎಲ್ಲರಿಗೂ ಸಲ್ಲುವ ಮಾತು ಮಾತ್ರ.

ಸ್ವಾತಂತ್ರ್ಯ ಹೋರಾಟದಲ್ಲಿ ದೇವರ ಹೆಸರು ಇರಲಿಲ್ಲವೇ ಎಂದು ಕೇಳುವವರಿದ್ದಾರೆ. ಇತ್ತು. 1930ರ ಜನವರಿ 26ರಂದು ದೇಶವೆಲ್ಲ ಓದಿದ ಪೂರ್ಣ ಸ್ವರಾಜ್ಯದ ಪ್ರತಿಜ್ಞೆಯಲ್ಲಿ, ಇಂಥ ಆಳ್ವಿಕೆಗೆ ಇನ್ನೂ ತಲೆಬಾಗುವುದು ಮನುಷ್ಯರಿಗೂ ದೇವರಿಗೂ ಮಾಡುವ ಅಪರಾಧ ಎಂಬ ಅರ್ಥದ ಮಾತಿದೆ. ಆದರೆ ಅದು ಇಷ್ಟಪಟ್ಟು ಬಂದವರು ಓದಿದ ಪ್ರತಿಜ್ಞೆ, ರಾಜ್ಯವು ಹೇಳಿಸಿದ್ದಲ್ಲ. 1947ರ ಆಗಸ್ಟ್ 14ರ ನಡುರಾತ್ರಿ ಸಂವಿಧಾನ ಸಭೆಯ ಸದಸ್ಯರು ಎದ್ದು ನಿಂತು ಮಾಡಿದ ಪ್ರತಿಜ್ಞೆಯಲ್ಲಿ ದೇವರ ಹೆಸರಿಲ್ಲ. ಭಾರತದ ಮತ್ತು ಅದರ ಜನರ ಸೇವೆಗೆ ವಿನಯದಿಂದ ಅರ್ಪಿಸಿಕೊಳ್ಳುತ್ತೇನೆ ಎಂದಷ್ಟೇ ಇದೆ.

ಅಮೆರಿಕದಲ್ಲಿರುವ ತಂಗಿಯ ಮಗಳು ಎರಡನೇ ತರಗತಿ. ದಿನಾ ಬೆಳಿಗ್ಗೆ ಬಾವುಟದೆದುರು ಹೇಳುವ ಪ್ರತಿಜ್ಞೆಯಲ್ಲಿ ದೇವರ ಹೆಸರಿದೆಯಂತೆ. ಅದು ಯೇಸುವಿನ ಪ್ರಾರ್ಥನೆಯೇ, ಮಗು ಹೇಳಬಹುದೇ ಎಂದು ತಂಗಿ ಕೇಳುತ್ತಾಳೆ.
ಗೃಹಿಣಿ, ಮೂಡುಬಿದಿರೆ

ಅದು ಪ್ರಾರ್ಥನೆಯಲ್ಲ, ಬಾವುಟಕ್ಕೂ ಗಣರಾಜ್ಯಕ್ಕೂ ನಿಷ್ಠೆ ತೋರುವ 31 ಪದಗಳ ಪ್ರತಿಜ್ಞೆ. ಮಗು ಹೇಳಬಹುದು, ಹೇಳದೆಯೂ ಇರಬಹುದು. ತಂಗಿಗೆ ಇದನ್ನು ಮೊದಲು ತಿಳಿಸಿ.

ಬರೆದವರು ಫ್ರಾನ್ಸಿಸ್ ಬೆಲ್ಲಮಿ, 1892ರಲ್ಲಿ. ಕೊಲಂಬಸ್ ಅಮೆರಿಕ ತಲುಪಿ 400 ವರ್ಷವಾದ ಸಂದರ್ಭಕ್ಕೆ, ಮಕ್ಕಳ ಪತ್ರಿಕೆಯೊಂದಕ್ಕಾಗಿ. ಬೆಲ್ಲಮಿ ಬ್ಯಾಪ್ಟಿಸ್ಟ್ ಪಾದ್ರಿ. ಪಾದ್ರಿಯೇ ಬರೆದರೂ ಅದರಲ್ಲಿ ದೇವರ ಹೆಸರಿರಲಿಲ್ಲ! ‘ಅವಿಭಾಜ್ಯವಾದ ಒಂದು ರಾಷ್ಟ್ರ, ಎಲ್ಲರಿಗೂ ಸ್ವಾತಂತ್ರ್ಯ ಮತ್ತು ನ್ಯಾಯ’ ಎಂದಿತ್ತು. ‘ನನ್ನ ಬಾವುಟ’ ಎಂದಿದ್ದದ್ದು 1923 ಮತ್ತು 1924ರಲ್ಲಿ ‘ಅಮೆರಿಕ ಸಂಯುಕ್ತ ಸಂಸ್ಥಾನದ ಬಾವುಟ’ ಎಂದಾಯಿತು. 1942ರಲ್ಲಿ ಅಲ್ಲಿನ ಸಂಸತ್ತು ಅದನ್ನು ಕಾನೂನಿಗೆ ಸೇರಿಸಿತು. ಆಗಲೂ ದೇವರಿಲ್ಲ.

ಮುಂದೆ ಸೋವಿಯತ್ ಒಕ್ಕೂಟದ ಜತೆ ಶೀತಲ ಸಮರ. ಅವರು ದೇವರಿಲ್ಲದವರು, ನಾವು ದೇವರುಳ್ಳವರು ಎಂದು ತೋರಿಸಬೇಕೆಂಬ ಹಂಬಲ. ನೈಟ್ಸ್ ಆಫ್ ಕೊಲಂಬಸ್ ಎಂಬ ಕ್ಯಾಥೋಲಿಕ್ ಸಂಘಟನೆ ಮೊದಲೇ ಒತ್ತಾಯ ಮಾಡುತ್ತಿತ್ತು. 1954ರ ಫೆಬ್ರವರಿಯಲ್ಲಿ ಜಾರ್ಜ್ ಡಾಕರ್ಟಿ ಎಂಬ ಪಾದ್ರಿ ಅಧ್ಯಕ್ಷ ಐಸೆನ್‌ಹೋವರ್ ಎದುರೇ ಪ್ರವಚನ ಮಾಡಿ, ಈ ಪ್ರತಿಜ್ಞೆಯನ್ನು ಬೇರೆ ಯಾವ ದೇಶದವರೂ ಹೇಳಬಹುದು, ಅಮೆರಿಕದ ಗುರುತು ಇದರಲ್ಲಿಲ್ಲ ಎಂದರು. ಆ ವರ್ಷದ ಜೂನ್ 14ರಂದು ‘ಒಂದು ರಾಷ್ಟ್ರ’ ಮತ್ತು ‘ಅವಿಭಾಜ್ಯ’ ಎಂಬ ಮಾತುಗಳ ನಡುವೆ ‘ದೇವರ ಅಧೀನದಲ್ಲಿ’ ಎಂಬ ಅರ್ಥದ ಎರಡು ಪದ ಸೇರಿದವು. ಒಂದು ರಾಷ್ಟ್ರ ಮತ್ತು ಅವಿಭಾಜ್ಯ ಎಂಬ ಮಾತುಗಳ ಮಧ್ಯದಲ್ಲೇ ಆ ದೇಶದ ಜನ ಇವತ್ತಿಗೂ ಒಮ್ಮತಕ್ಕೆ ಬರಲಾಗದ ಮಾತು ಬಂದು ಕುಳಿತದ್ದು ನೋಡಿ.

ಒತ್ತಾಯದ ವಿಚಾರ ಅದಕ್ಕೂ ಮೊದಲೇ ತೀರ್ಮಾನವಾಗಿತ್ತು. ಯೆಹೋವನ ಸಾಕ್ಷಿಗಳು ಎಂಬ ಪಂಥದವರು ಬಾವುಟಕ್ಕೆ ವಂದಿಸುವುದೂ ವಿಗ್ರಹಾರಾಧನೆ ಎಂದು ನಂಬುತ್ತಾರೆ. 1940ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಮಕ್ಕಳು ವಂದಿಸಲೇಬೇಕು ಎಂದಿತು. ಆ ಪಂಥದವರ ಮೇಲೆ ಹಲ್ಲೆಗಳಾದವು. ಮೂರೇ ವರ್ಷದಲ್ಲಿ, 1943ರ ಜೂನ್ 14ರಂದು, ಬಾರ್ನೆಟ್ ಪ್ರಕರಣದಲ್ಲಿ ಕೋರ್ಟ್ ತನ್ನ ಮಾತನ್ನು ತಾನೇ ತಿರುಗಿಸಿ, ಯಾವ ಮಗುವನ್ನೂ ಒತ್ತಾಯಿಸುವಂತಿಲ್ಲ ಎಂದಿತು. ಆದ್ದರಿಂದ ನಿಮ್ಮ ತಂಗಿಯ ಮಗಳು ಆ ಎರಡು ಪದ ಬಿಟ್ಟರೂ ಸರಿ, ಸುಮ್ಮನೆ ಇದ್ದರೂ ಸರಿ. ತಂಗಿ ಮೊದಲೇ ಕ್ಲಾಸ್ ಟೀಚರಿಗೆ ಒಂದು ಮಾತು ಹೇಳಿಟ್ಟರೆ ಮಗುವಿಗೆ ಇರಿಸುಮುರಿಸು ಆಗುವುದಿಲ್ಲ.

ಆ ಎರಡು ಪದ ತೆಗೆಯಬೇಕೆಂಬ ವ್ಯಾಜ್ಯ 2004ರಲ್ಲಿ ಸುಪ್ರೀಂ ಕೋರ್ಟಿಗೆ ಬಂತು. ದಾವೆ ಹೂಡಿದ ತಂದೆಗೆ ಮಗುವಿನ ಪರವಾಗಿ ದಾವೆ ಹೂಡುವ ಹಕ್ಕಿಲ್ಲ ಎಂಬ ಕಾರಣಕ್ಕೆ ಅದು ಬಿದ್ದುಹೋಯಿತು, ಮುಖ್ಯ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಇಂಥ ಮಾತುಗಳನ್ನು ಉಳಿಸಿಕೊಳ್ಳಲು ಅಲ್ಲಿ ಬಳಸುವ ವಾದವೊಂದಿದೆ. ಅದನ್ನು ಭಕ್ತರಾದವರು ಗಮನಿಸಬೇಕು. ದಿನಾ ಹೇಳಿ ಹೇಳಿ ಈ ಮಾತಿನಲ್ಲಿದ್ದ ಧಾರ್ಮಿಕ ಅರ್ಥವೇ ಸವೆದುಹೋಗಿದೆ, ಈಗ ಅದು ಬರೀ ಔಪಚಾರಿಕ, ಆದ್ದರಿಂದ ಯಾರಿಗೂ ಬಾಧಕವಿಲ್ಲ ಎಂಬುದು ಆ ವಾದ. ನ್ಯಾಯಮೂರ್ತಿ ಬ್ರೆನ್ನನ್ 1984ರಲ್ಲಿ ಇಂಥ ಮಾತನ್ನು ಬರೆದಿದ್ದರು. ಅಂದರೆ ದೇವರ ಹೆಸರು ಅಲ್ಲಿ ಉಳಿಯಬೇಕಾದರೆ ಅದಕ್ಕೆ ಅರ್ಥ ಇರಬಾರದು! ಆಣೆ ಎಂದರೆ ಮೈ ಜುಮ್ಮೆನ್ನುವ ನಮ್ಮ ತುಳುನಾಡಿನಲ್ಲಿ ಯಾವ ಹಿರಿಯರೂ ದಿನಾ ಬೆಳಿಗ್ಗೆ ಆಣೆ ಹಾಕಿಸುವುದಿಲ್ಲ. ದೇವರ ಹೆಸರಿಗೆ ಬೆಲೆ ಉಳಿಯಬೇಕಾದರೆ ಅದನ್ನು ಹಾಜರಿ ಪುಸ್ತಕದ ಹಾಗೆ ಬಳಸಬಾರದು.

ನಮ್ಮ ಶಾಸಕರು, ಮಂತ್ರಿಗಳು ಒಬ್ಬೊಬ್ಬರು ಒಂದೊಂದು ಹೆಸರಿನಲ್ಲಿ ಪ್ರಮಾಣ ಮಾಡುತ್ತಾರೆ. ಕ್ಷೇತ್ರದ ದೇವರು, ಮಠದ ಗುರುಗಳು, ರೈತರು, ಮತದಾರರು. ಇದು ಊರ್ಜಿತವೇ?
ಕಾನೂನು ವಿದ್ಯಾರ್ಥಿ, ಸುರತ್ಕಲ್

ಕೇಂದ್ರ ಮತ್ತು ರಾಜ್ಯದ ಮಂತ್ರಿಗಳು, ಸಂಸದರು, ಶಾಸಕರು, ನ್ಯಾಯಾಧೀಶರು ಹೇಳಬೇಕಾದ ಮಾತು ಸಂವಿಧಾನದ 3ನೇ ಅನುಸೂಚಿಯಲ್ಲಿದೆ. ರಾಷ್ಟ್ರಪತಿಯದ್ದು 60ನೇ ವಿಧಿಯಲ್ಲಿ, ರಾಜ್ಯಪಾಲರದ್ದು 159ರಲ್ಲಿ. ಎಲ್ಲ ಕಡೆ ಇರುವುದು ಎರಡೇ ದಾರಿ: ದೇವರ ಹೆಸರಿನಲ್ಲಿ, ಇಲ್ಲವೇ ಸತ್ಯನಿಷ್ಠೆಯಿಂದ. ಮೂರನೆಯದು ಇಲ್ಲ. ಗುರುಗಳು, ರೈತರು, ಮತದಾರರು ಎಷ್ಟೇ ಪೂಜ್ಯರಾದರೂ ನಮೂನೆಯಲ್ಲಿಲ್ಲ.

ಕೇರಳದ ಕೊಡುಂಗಲ್ಲೂರಿನ ಶಾಸಕರೊಬ್ಬರು 2001ರಲ್ಲಿ ಶ್ರೀ ನಾರಾಯಣ ಗುರುಗಳ ಹೆಸರಿನಲ್ಲಿ ಪ್ರಮಾಣ ಮಾಡಿದರು. 1912ರಲ್ಲಿ ನಮ್ಮ ಕುದ್ರೋಳಿಯ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ಗುರುಗಳು ಅವರು. ಅವರ ಮೇಲಿನ ಭಕ್ತಿಯನ್ನು ಯಾರೂ ಪ್ರಶ್ನಿಸಲಿಲ್ಲ. ಆದರೂ ನಮೂನೆಗೆ ಹೊಂದಲಿಲ್ಲ ಎಂದು ಕೇರಳ ಹೈಕೋರ್ಟ್ ಆ ಪ್ರಮಾಣವನ್ನು ಒಪ್ಪಲಿಲ್ಲ. ಸರಿಯಾದ ಪ್ರಮಾಣ ಮಾಡದೆ ಸದನದಲ್ಲಿ ಕುಳಿತರೆ ದಿನಕ್ಕೆ 500 ರೂಪಾಯಿ ದಂಡ ಎಂದು 193ನೇ ವಿಧಿಯಲ್ಲಿದೆ. ಸಂಸದರಿಗೆ ಇದನ್ನೇ 104ನೇ ವಿಧಿ ಹೇಳುತ್ತದೆ.

ಹಾಗೆಂದು ಒಂದು ಪದ ಹೆಚ್ಚಾದ ಮಾತ್ರಕ್ಕೆ ಎಲ್ಲವೂ ಮುರಿದು ಬೀಳುವುದಿಲ್ಲ. 1989ರಲ್ಲಿ ದೇವಿಲಾಲ್ ಮಂತ್ರಿ ಎನ್ನುವ ಬದಲು ಉಪಪ್ರಧಾನಿ ಎಂದು ಹೇಳಿ ಪ್ರಮಾಣ ಮಾಡಿದರು. ಸಂವಿಧಾನದಲ್ಲಿ ಅಂಥ ಹುದ್ದೆಯೇ ಇಲ್ಲ. ಪ್ರಮಾಣದ ತಿರುಳು ಸರಿಯಿದೆ, ಉಳಿದದ್ದು ಬರೀ ವಿವರಣೆ ಎಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ಪರೀಕ್ಷೆಗೆ ಓದುವಾಗ ಈ ಎರಡು ಪ್ರಕರಣಗಳನ್ನು ಒಟ್ಟಿಗೆ ಇಟ್ಟುಕೊಳ್ಳಿ. ಲೋಕಸಭೆಯಲ್ಲಂತೂ 2024ರ ಜುಲೈಯಿಂದ ಪ್ರಮಾಣದ ಹಿಂದೆ ಮುಂದೆ ಯಾವ ಪದ, ಘೋಷಣೆಯನ್ನೂ ಸೇರಿಸಬಾರದೆಂದು ಸ್ಪೀಕರ್ ಅವರ ನಿರ್ದೇಶನಗಳಿಗೆ ತಿದ್ದುಪಡಿಯಾಗಿದೆ. ಒಳ್ಳೆಯ ಕೆಲಸ. ಪ್ರಮಾಣ ಮಾಡುವುದು ಸಂವಿಧಾನಕ್ಕೆ ನಿಷ್ಠೆ ತೋರಲು, ಗ್ಯಾಲರಿಗೆ ಕೇಳಿಸಲು ಅಲ್ಲ.

ಈ ಎರಡು ದಾರಿಯ ಪದ್ಧತಿ ಸುಮ್ಮನೆ ಬಂದದ್ದಲ್ಲ. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಬ್ರಾಡ್ಲಾ ಎಂಬ ನಾಸ್ತಿಕರು 1880ರಲ್ಲಿ ಸಂಸತ್ತಿಗೆ ಆರಿಸಿ ಬಂದರು. ದೇವರ ಪ್ರಮಾಣದ ಬದಲು ದೃಢೀಕರಣಕ್ಕೆ ಅವಕಾಶ ಕೇಳಿದ್ದಕ್ಕೆ 1886ರವರೆಗೂ ಅವರಿಗೆ ನೆಮ್ಮದಿಯಾಗಿ ಕೂರಲು ಬಿಡಲಿಲ್ಲ. ಅವರ ಕ್ಷೇತ್ರದ ಜನ ಮತ್ತೆ ಮತ್ತೆ ಅವರನ್ನೇ ಗೆಲ್ಲಿಸಿದರು. ಕೊನೆಗೆ 1888ರಲ್ಲಿ ಕಾನೂನೇ ಬದಲಾಯಿತು. ಮರುವರ್ಷ ಮುಂಬಯಿಯ ಕಾಂಗ್ರೆಸ್ ಅಧಿವೇಶನಕ್ಕೆ ಬಂದಿದ್ದ ಬ್ರಾಡ್ಲಾ ಇವರೇ.

ಜಾಗದ ತಕರಾರಿನಲ್ಲಿ ನೆರೆಯವರ ಪರ ಸಾಕ್ಷಿ ಹೇಳಬೇಕಾಗಿದೆ. ನಮ್ಮ ಕುಟುಂಬದಲ್ಲಿ ಹಿರಿಯರ ಕಾಲದಿಂದ ಆಣೆ ಹಾಕುವ ಕ್ರಮ ಇಲ್ಲ. ಕೋರ್ಟಿನಲ್ಲಿ ಗೀತೆ ಮುಟ್ಟಿಸುತ್ತಾರೆಯೇ? ಬೇಡವೆಂದರೆ ಸಾಕ್ಷಿಯ ಬೆಲೆ ಕಡಿಮೆಯಾಗುತ್ತದೆಯೇ?
ಕೃಷಿಕ, ಬೆಳ್ತಂಗಡಿ

ಹೆದರಬೇಡಿ. ಗೀತೆ ಮುಟ್ಟಿಸುವುದು ಸಿನಿಮಾದಲ್ಲಿ. 1969ರ ಪ್ರಮಾಣಗಳ ಅಧಿನಿಯಮದ ನಮೂನೆಯಲ್ಲಿ ಯಾವ ಗ್ರಂಥವೂ ಇಲ್ಲ. ಕಟಕಟೆಗೆ ಕರೆದ ಕೂಡಲೇ, ಪ್ರಮಾಣ ಬೋಧಿಸುವ ಮೊದಲೇ, ‘ಸ್ವಾಮಿ, ನಾನು ದೇವರ ಪ್ರಮಾಣ ಮಾಡುವುದಿಲ್ಲ, ಸತ್ಯನಿಷ್ಠೆಯಿಂದ ದೃಢೀಕರಿಸುತ್ತೇನೆ’ ಎಂದು ಸ್ಪಷ್ಟವಾಗಿ ಹೇಳಿ. ಕಾರಣ ಹೇಳಬೇಕಾಗಿಲ್ಲ. ನಿಮ್ಮ ಕಡೆಯ ವಕೀಲರಿಗೂ ಹಿಂದಿನ ದಿನವೇ ತಿಳಿಸಿಡಿ. ಅರ್ಧ ಹೇಳಿದ ಮೇಲೆ ತಡವರಿಸಿ ನಿಂತರೆ ಎದುರು ಕಡೆಯವರು ಅದನ್ನೇ ಹಿಡಿದು ಎಳೆಯಬಹುದು.

ಸಾಕ್ಷಿಯ ಬೆಲೆ ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಸುಳ್ಳು ಹೇಳಿದರೆ ದೇವರ ಪ್ರಮಾಣ ಮಾಡಿದವರಿಗೂ ದೃಢೀಕರಿಸಿದವರಿಗೂ ಒಂದೇ ಶಿಕ್ಷೆ, ಭಾರತೀಯ ನ್ಯಾಯ ಸಂಹಿತೆಯ 229ನೇ ಕಲಮಿನಡಿ 7 ವರ್ಷದವರೆಗೆ ಜೈಲು. ಪ್ರಮಾಣ ಬೋಧಿಸಲು ಮರೆತುಹೋದರೂ ಸಾಕ್ಷ್ಯ ಅಸಿಂಧುವಾಗುವುದಿಲ್ಲ, ಸತ್ಯ ಹೇಳುವ ಹೊಣೆ ತಪ್ಪುವುದಿಲ್ಲ ಎಂದೂ ಆ ಅಧಿನಿಯಮ ಹೇಳುತ್ತದೆ.

ಧರ್ಮಸ್ಥಳದ ಪಕ್ಕದಲ್ಲಿರುವ ನಿಮಗೆ ಇದನ್ನೂ ಹೇಳಬೇಕು. ಹಿಂದಿನ 1873ರ ಕಾನೂನಿನಲ್ಲಿ ಒಬ್ಬ ಕಕ್ಷಿದಾರ ‘ಎದುರಾಳಿ ಇಂಥ ದೇವರ ಆಣೆ ಹಾಕಿ ಹೇಳಲಿ, ನಾನು ಒಪ್ಪಿಕೊಳ್ಳುತ್ತೇನೆ’ ಎಂದು ಕೋರ್ಟಿನಲ್ಲೇ ಸವಾಲು ಹಾಕಬಹುದಿತ್ತು. ಎದುರಾಳಿ ಆಣೆ ಹಾಕಿ ನುಡಿದರೆ, ಸವಾಲು ಹಾಕಿದವನ ಮಟ್ಟಿಗೆ ಆ ಮಾತೇ ಅಂತಿಮ. ಮಾತು ಬಿಡ ಮಂಜುನಾಥ ಎಂಬ ನಂಬಿಕೆಯನ್ನೇ ಕಾನೂನು ಎರವಲು ಪಡೆದ ಹಾಗಿತ್ತು. 1969ರ ಕಾನೂನು ಅದನ್ನು ಕೈಬಿಟ್ಟಿತು. ಈಗ ಧರ್ಮಸ್ಥಳದಲ್ಲೋ ಕಾನತ್ತೂರಿನ ದೈವದ ನಡೆಯಲ್ಲೋ ಆಗುವ ಆಣೆ ಪ್ರಮಾಣ ಅವರವರ ನಂಬಿಕೆಯ ನಡುವಿನ ಮಾತು, ಕೋರ್ಟಿನ ತೀರ್ಪು ಸಾಕ್ಷ್ಯದ ಮೇಲೆ.

ನಿಮ್ಮ ಹಿರಿಯರ ಕ್ರಮಕ್ಕೆ ದೂರದಲ್ಲೂ ನೆಂಟರಿದ್ದಾರೆ. ಆಣೆ ಇಡಲೇಬೇಡಿ, ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎನ್ನಿ ಎಂಬ ಯೇಸುವಿನ ಬೋಧನೆಯನ್ನು ಅಕ್ಷರಶಃ ಪಾಲಿಸಿದ ಕ್ವೇಕರ್ ಕ್ರೈಸ್ತರು ಇಂಗ್ಲೆಂಡಿನಲ್ಲಿ ಅದಕ್ಕಾಗಿ ಸೆರೆಮನೆ ಕಂಡರು. ದೃಢೀಕರಣ ಎಂಬ ದಾರಿಯನ್ನು ಕಾನೂನು ಮೊದಲು ತೆರೆದದ್ದು 17ನೇ ಶತಮಾನದ ಕೊನೆಗೆ, ಅವರಿಗಾಗಿ. ದೇವರಿಲ್ಲ ಎನ್ನುವವರಿಗಿಂತ ಮೊದಲು, ದೇವರಿಗೆ ಹೆದರುವವರಿಗಾಗಿ ತೆರೆದ ದಾರಿ ಅದು.

ಸೇನೆಯಲ್ಲಿ ಧರ್ಮಗ್ರಂಥದೆದುರು ಕಸಮ್ ತೆಗೆದುಕೊಂಡವರು ನಾವು. ಅದೂ ತಪ್ಪೆನ್ನುತ್ತೀರಾ?
ಮಾಜಿ ಸೈನಿಕ, ಬೈಂದೂರು

ಖಂಡಿತ ಇಲ್ಲ. ಅಲ್ಲಿ ಪ್ರತಿಯೊಬ್ಬರಿಗೂ ಅವರವರ ಗ್ರಂಥ. ನಮೂನೆಯಲ್ಲೂ ದೇವರ ಹೆಸರು, ದೃಢೀಕರಣ ಎರಡೂ ಇವೆ. ನಿಷ್ಠೆ ಮಾತ್ರ ಎಲ್ಲರದ್ದೂ ಸಂವಿಧಾನಕ್ಕೇ. ಜೀವಕ್ಕೆ ಅಪಾಯವಿದ್ದರೂ ಆಜ್ಞೆ ಪಾಲಿಸುತ್ತೇನೆ ಎಂದು ಮಾತು ಕೊಡುವವನು ತನ್ನ ದೇವರನ್ನು ನೆನೆಯುವುದನ್ನು ತಡೆಯುವ ಅಧಿಕಾರ ಯಾರಿಗೂ ಇಲ್ಲ.

ನಮ್ಮ ನಂಬಿಕೆಯ ಪ್ರಕಾರ ಮಗ ಪ್ರತಿಜ್ಞೆ, ರಾಷ್ಟ್ರಗೀತೆ ಹೇಳುವುದಿಲ್ಲ, ಗೌರವದಿಂದ ನಿಲ್ಲುತ್ತಾನೆ. ಶಾಲೆಯವರು ಟಿಸಿ ಕೊಡುವ ಮಾತಾಡುತ್ತಿದ್ದಾರೆ.
ತಂದೆ, ಕಲ್ಯಾಣಪುರ

ಹಾಗೆ ಮಾಡುವಂತಿಲ್ಲ. 1985ರಲ್ಲಿ ಕೇರಳದ ಮೂವರು ಒಡಹುಟ್ಟಿದ ಮಕ್ಕಳನ್ನು ಇದೇ ಕಾರಣಕ್ಕೆ ಶಾಲೆಯಿಂದ ಹೊರಹಾಕಿದ್ದರು. ಬಿಜೋ ಇಮ್ಯಾನುಯೆಲ್ ಪ್ರಕರಣ ಎಂದು ಅದರ ಹೆಸರು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರ ಪೀಠ ಮಕ್ಕಳನ್ನು ಮರಳಿ ಸೇರಿಸಿಕೊಳ್ಳಲು ಹೇಳಿತು. ಗೀತೆ ನಡೆಯುವಾಗ ಎದ್ದು ಗೌರವದಿಂದ ನಿಂತವರು ಅಗೌರವ ತೋರಿದಂತಾಗುವುದಿಲ್ಲ, ಹೊರಹಾಕಿದ್ದು 19(1)(ಎ) ಮತ್ತು 25ನೇ ವಿಧಿಗಳ ಉಲ್ಲಂಘನೆ ಎಂದಿತು.

ಆ ತೀರ್ಪಿನ ಉಲ್ಲೇಖದೊಂದಿಗೆ ಮುಖ್ಯೋಪಾಧ್ಯಾಯರಿಗೆ ಒಂದು ಪುಟದ ಪತ್ರ ಬರೆದು, ಪ್ರತಿಗೆ ಸಹಿ ಮತ್ತು ಸೀಲು ಪಡೆಯಿರಿ. ಸರಿಹೋಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಯವರ ಕಚೇರಿಗೆ ಹೋಗಿ. ಮಗನಿಗೂ ಒಂದು ಮಾತು ಹೇಳಿ: ಉಳಿದವರು ಹೇಳುವಾಗ ಮಾತಾಡುವುದು, ಕೂರುವುದು, ಅತ್ತಿತ್ತ ನಡೆಯುವುದು ಬೇಡ. ತೀರ್ಪು ರಕ್ಷಿಸಿದ್ದು ಗೌರವದಿಂದ ನಿಂತ ಮಕ್ಕಳನ್ನು.

ಸ್ಕೌಟ್ ಪ್ರತಿಜ್ಞೆಯಲ್ಲಿ ‘ದೇವರಿಗೆ’ ಎಂದಿದೆಯಲ್ಲ?
9ನೇ ತರಗತಿ ವಿದ್ಯಾರ್ಥಿ, ಮಣಿಪಾಲ

ಇದೆ. ಬೇಕಾದವರು ದೇವರು ಎಂಬಲ್ಲಿ ‘ಧರ್ಮ’ ಎಂದು ಹೇಳಬಹುದೆಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ನಿಯಮವೇ ಹೇಳುತ್ತದೆ. ನಿಮ್ಮ ಸ್ಕೌಟ್ ಮಾಸ್ಟರನ್ನು ಕೇಳಿ. ಬ್ರಿಟನ್ನಿನ ಗೈಡ್ಸ್ 2013ರಲ್ಲಿ ದೇವರ ಉಲ್ಲೇಖವನ್ನೇ ಬಿಟ್ಟರು. ಆಸ್ಟ್ರೇಲಿಯಾದಲ್ಲಿ ಪೌರತ್ವ ಪಡೆಯುವವರಿಗೆ ಎರಡು ಪ್ರತಿಜ್ಞೆಗಳಿವೆ, ಒಂದರಲ್ಲಿ ದೇವರಿದ್ದಾನೆ, ಒಂದರಲ್ಲಿಲ್ಲ. ನಮ್ಮ ದೇಶದ ಪೌರತ್ವ ಕಾಯಿದೆಯ ನಿಷ್ಠಾ ಪ್ರಮಾಣದ ಪಠ್ಯದಲ್ಲಂತೂ ದೇವರ ಹೆಸರೇ ಇಲ್ಲ.

ನಮ್ಮ ಯುವಕ ಮಂಡಲದಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಹುಡುಗರಿದ್ದೇವೆ. ಜನವರಿ 26ಕ್ಕೆ ನಮ್ಮದೇ ಪ್ರತಿಜ್ಞೆ ಬರೆಯುವ ಯೋಚನೆ. ಕೃಷ್ಣ, ಅಲ್ಲಾಹು, ಯೇಸು ಮೂವರ ಹೆಸರೂ ಹಾಕಿದರೆ ಆಗುತ್ತದೆಯೇ?
ಕಾರ್ಯದರ್ಶಿ, ಬ್ರಹ್ಮಾವರ

ಮನಸ್ಸು ಒಳ್ಳೆಯದು, ದಾರಿ ಸರಿಯಿಲ್ಲ. ಹೆಸರುಗಳ ಪಟ್ಟಿ ಮಾಡಿದ ಕೂಡಲೇ ಎರಡು ತಕರಾರು ಹುಟ್ಟುತ್ತವೆ: ಮೊದಲು ಯಾರ ಹೆಸರು, ಬಿಟ್ಟದ್ದು ಯಾರ ಹೆಸರು. ಅದೂ ಅಲ್ಲದೆ ತನ್ನ ದೇವರಲ್ಲದ ಹೆಸರಿನಲ್ಲಿ ಪ್ರಮಾಣ ಮಾಡುವುದು ಕೆಲವರ ಮತಕ್ಕೆ ನಿಷಿದ್ಧ. ಸ್ನೇಹಕ್ಕಾಗಿ ಹೇಳಿಸಿದ ಮಾತು ಅವರನ್ನು ಧರ್ಮಸಂಕಟಕ್ಕೆ ತಳ್ಳುತ್ತದೆ.

ಬದಲಿಗೆ ಹೀಗೆ ಮಾಡಿ. ಧ್ವಜಾರೋಹಣ, ರಾಷ್ಟ್ರಗೀತೆ (52 ಸೆಕೆಂಡ್) ಮುಗಿದ ಮೇಲೆ, ‘ನಿಮ್ಮ ನಿಮ್ಮ ಮನಸ್ಸಿಗೆ ಪವಿತ್ರವಾದುದನ್ನು ನೆನೆಯಿರಿ’ ಎಂದು ಹೇಳಿ ಇಪ್ಪತ್ತು ಸೆಕೆಂಡ್ ಮೌನ. ಅದಕ್ಕಿಂತ ಹೆಚ್ಚಾದರೆ ಹಿಂದಿನ ಸಾಲಿನಲ್ಲಿ ಗುಸುಗುಸು ಶುರುವಾಗುತ್ತದೆ. ಆ ಮೌನದಲ್ಲಿ ಎಲ್ಲರ ದೇವರಿಗೂ ಜಾಗವಿದೆ, ದೇವರು ಬೇಡದವರಿಗೂ ಇದೆ. ನಂತರ ಪ್ರತಿಜ್ಞೆ. ಒಂದು ಮಾದರಿ ಕೊಡುತ್ತೇವೆ, ಬೇಕಾದಂತೆ ತಿದ್ದಿಕೊಳ್ಳಿ:

ನಾನು, (ಹೆಸರು), / ನನ್ನ ಊರವರ ಎದುರು / ಮಾತು ಕೊಡುತ್ತೇನೆ. / ಭಾರತದ ಸಂವಿಧಾನಕ್ಕೆ / ನಿಷ್ಠನಾಗಿರುತ್ತೇನೆ. / ಜಾತಿ, ಮತ, ಭಾಷೆ ನೋಡದೆ / ನೆರೆಯವರ ಕಷ್ಟಕ್ಕೆ ನಿಲ್ಲುತ್ತೇನೆ. / ಊರಿನ ಶಾಲೆ, ಕೆರೆ, ದಾರಿಯನ್ನು / ನನ್ನದೆಂದು ಕಾಪಾಡುತ್ತೇನೆ.

ಗೆರೆ ಹಾಕಿದಲ್ಲಿ ಹೇಳಿಸುವವರು ನಿಲ್ಲಿಸಬೇಕು. ಒಂದು ಸಲಕ್ಕೆ ನಾಲ್ಕು ಪದಕ್ಕಿಂತ ಹೆಚ್ಚು ಬೇಡ, ಉದ್ದವಾದರೆ ಜನ ಕೊನೆಯ ಪದವನ್ನಷ್ಟೇ ಗೊಣಗುತ್ತಾರೆ. ಹಿಂದಿನ ದಿನ ಮೈಕ್ ಹಾಕಿ ಒಮ್ಮೆ ಓದಿ ನೋಡಿ, ಕೊನೆಯ ಸಾಲಿನಲ್ಲಿ ಒಬ್ಬರನ್ನು ನಿಲ್ಲಿಸಿ ಕೇಳಿಸುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಹುಡುಗಿಯರೂ ಇದ್ದರೆ ‘ನಿಷ್ಠನಾಗಿರುತ್ತೇನೆ’ ಎಂಬಲ್ಲಿ ‘ನಿಷ್ಠೆಯಿಂದಿರುತ್ತೇನೆ’ ಎಂದು ಮಾಡಿ. ಹೆಸರಿನ ಜಾಗದಲ್ಲಿ ಹೇಳಿಸುವವರು ತಮ್ಮ ಹೆಸರನ್ನೇ ಹೇಳಿದರೆ ಅರ್ಧ ಜನ ಅದನ್ನೇ ಪುನರುಚ್ಚರಿಸುತ್ತಾರೆ. ಆದ್ದರಿಂದ ‘ನಾನು’ ಎಂದು ಹೇಳಿ, ಕೈಸನ್ನೆ ಮಾಡಿ, ಮೂರು ಸೆಕೆಂಡ್ ಬಿಡಿ. ಅಷ್ಟರಲ್ಲಿ ಪ್ರತಿಯೊಬ್ಬರೂ ತಮ್ಮ ಹೆಸರು ಹೇಳಿ ಮುಗಿಸುತ್ತಾರೆ.